ಅಕ್ಕನಿಗಾಗಿ ಬಚ್ಚಿಟ್ಟ ಊರು

ಒಂಬತ್ತು ಮನೆಗಳ ಒಂದು ಚೌಕ. ಮೇಲಿನ ಸಾಲಿನಲ್ಲಿ ಚಿ, ರ, ಗ. ನಡುವಿನ ಸಾಲಿನಲ್ಲಿ ಡಿ, ಆಮೇಲೆ ಒಂದು ಖಾಲಿ ಮನೆ, ಮತ್ತೆ ಡಿ. ಕೆಳಗಿನ ಸಾಲಿನಲ್ಲಿ ದ, ಕ್ಕ, ಯಾ. ಚೌಕದ ಅಡಿಯಲ್ಲಿ ಒಂದೇ ಸಾಲು: ‘ಯಾವ ಆಟದಲ್ಲಿ ನೀನು ನನ್ನನ್ನು ಸೋಲಿಸಿ ಅಳಿಸುತ್ತಿದ್ದೆಯೋ ಆ ಆಟದ ಕುದುರೆಯನ್ನು ಚಿ ಮೇಲೆ ನಿಲ್ಲಿಸು.’

ಚಿಕ್ಕಂದಿನಲ್ಲಿ ತಮ್ಮನ ಎದುರು ಕೂತು ಚದುರಂಗ ಆಡಿದ ಅಕ್ಕನಿಗೆ ಇಷ್ಟು ಸಾಕು. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ‘ಚಿ’ಯಿಂದ ಹಾರಿದರೆ ‘ಕ್ಕ’, ಅಲ್ಲಿಂದ ‘ಗ’, ಆಮೇಲೆ ‘ಡಿ’, ‘ಯಾ’, ‘ರ’, ‘ದ’, ಕೊನೆಗೆ ಉಳಿದ ಇನ್ನೊಂದು ‘ಡಿ’. ಚಿಕ್ಕಗಡಿಯಾರದಡಿ! ನಡುವಿನ ಮನೆಗೆ ಕುದುರೆ ಯಾವ ಮನೆಯಿಂದಲೂ ಬರಲಾರದು, ಹಾಗಾಗಿ ಅದು ಖಾಲಿ. ಮೈಸೂರಿನಲ್ಲಿ ಬೆಳೆದವರಿಗೆ ಚಿಕ್ಕ ಗಡಿಯಾರ ಎಲ್ಲಿದೆಯೆಂದು ಯಾರೂ ಹೇಳಿಕೊಡಬೇಕಿಲ್ಲ.

ಟ್ರೆಷರ್ ಹಂಟ್ ಎಂದರೆ ಹೆಚ್ಚಿನವರಿಗೆ ಕಾಲೇಜಿನ ಫೆಸ್ಟ್ ನೆನಪಾಗುತ್ತದೆ, ಇಲ್ಲವೇ ಕಂಪನಿಗಳು ನೌಕರರಿಗಾಗಿ ಏರ್ಪಡಿಸುವ ಆಟ. ನಾಲ್ಕು ತಂಡ, ಹತ್ತು ಚೀಟಿ, ಮೊದಲು ಬಂದವರಿಗೆ ಬಹುಮಾನ. ಆದರೆ ಇದೇ ಆಟವನ್ನು ಒಬ್ಬರೇ ಒಬ್ಬರಿಗಾಗಿ, ಅವರು ಬೆಳೆದ ಊರಿನಲ್ಲೇ, ಅವರಿಗೆ ಗೊತ್ತಿಲ್ಲದಂತೆ ಕಟ್ಟಿದರೆ ಅದರ ಸ್ವರೂಪವೇ ಬೇರೆಯಾಗುತ್ತದೆ. ಅಲ್ಲಿ ಸ್ಪರ್ಧೆ ಇರುವುದಿಲ್ಲ, ಎದುರಾಳಿ ಇರುವುದಿಲ್ಲ. ಇಡೀ ಊರು ಒಂದು ಸಂಜೆಯ ಮಟ್ಟಿಗೆ ಒಬ್ಬರ ಹೆಸರಿಗೆ ಬರೆದ ಪತ್ರವಾಗುತ್ತದೆ. ಹುಟ್ಟುಹಬ್ಬಕ್ಕೆ, ನಿವೃತ್ತಿಗೆ, ಮದುವೆಯ ವಾರ್ಷಿಕೋತ್ಸವಕ್ಕೆ ಸೀರೆ, ವಾಚು, ಮೊಬೈಲು ಕೊಟ್ಟು ಕೊಟ್ಟು ಇನ್ನೇನು ಕೊಡುವುದೆಂದು ತೋಚದ ಮನೆಗಳಿಗೆ ಇದು ನಿಜಕ್ಕೂ ಯೋಚಿಸಬೇಕಾದ ಉಡುಗೊರೆ. ಹಣ ಹೆಚ್ಚು ಬೇಡುವುದಿಲ್ಲ; ಒಬ್ಬರ ಬಗ್ಗೆ ಕೂತು ಯೋಚಿಸುವ ಸಮಯವನ್ನು ಬೇಡುತ್ತದೆ.

ಹೇಗೆ ಕಟ್ಟುವುದೆಂದು ತಿಳಿಯಲು ಒಂದು ಉದಾಹರಣೆಯನ್ನೇ ಹೆಣೆದು ನೋಡೋಣ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ದೂರದ ಊರಿಗೆ ಹೋದ ಅಕ್ಕ. ಅವಳ 50ನೇ ಹುಟ್ಟುಹಬ್ಬ ಒಂದು ಭಾನುವಾರ ಬಂದಿದೆ. ಊರಿನಲ್ಲೇ ಉಳಿದ ತಮ್ಮ ಸಂಚುಗಾರ. ಆರಂಭ ಚಿಕ್ಕ ಗಡಿಯಾರದ ಕೆಳಗೆ, ಮುಕ್ತಾಯ ಅರಮನೆಯ ಎದುರು. ನಡುವೆ ಕಾಲ್ನಡಿಗೆಯಲ್ಲೇ ಮುಗಿಸಬಹುದಾದ ಮೂರು ತಾಣಗಳು.

ಮೈಸೂರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ಊರನ್ನಾಳಿದ ದೊರೆಯೊಬ್ಬರು ಒಗಟು ಕಟ್ಟುವುದರಲ್ಲಿ ನಿಪುಣರಾಗಿದ್ದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಸಾಹಿತ್ಯ, ಸಂಗೀತ, ಚಿತ್ರಗಳ ಜೊತೆಗೆ ಆಟಗಳಲ್ಲೂ ಮುಳುಗಿದರು. ಗಂಜೀಫಾ ಎಂಬ ಇಸ್ಪೀಟು ಎಲೆಗಳ ಹೊಸ ಹೊಸ ಆಟಗಳನ್ನು ಹೂಡಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದರ ಹೆಸರೇ ಕೌತುಕ ನಿಧಿ. ದೇವದೇವತೆಗಳ ಧ್ಯಾನಶ್ಲೋಕಗಳಿಗೆ, ಚಿತ್ರಗಳಿಗೆ ಹೆಸರಾದ ಗ್ರಂಥವೊಂದು ಆಟಗಳಿಗಾಗಿ ಒಂದು ಭಾಗವನ್ನೇ ಮೀಸಲಿಟ್ಟಿದೆ! ತಮ್ಮನ ಒಂಬತ್ತು ಮನೆಯ ಚೌಕ ಆ ರಾಜವಿದ್ಯೆಯ ಪುಟ್ಟ ಮರಿ. ಅಕ್ಷರಗಳನ್ನು ಕುದುರೆಯ ನಡೆಯಲ್ಲಿ ಹುದುಗಿಸುವ ಚಮತ್ಕಾರ ಇನ್ನೂ ಹಳೆಯದು. 9ನೇ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟನೇ ಇಂಥ ಶ್ಲೋಕವನ್ನು ಬರೆದಿದ್ದಾನೆ.

ನಿಧಿ ಎಂಬ ಪದಕ್ಕೆ ಕನ್ನಡ ಪತ್ರಿಕೆಗಳಲ್ಲಿ ಬೇರೊಂದು ನೆರಳೂ ಇದೆ. ನಿಧಿಯಾಸೆಗೆ ಹಳೆಯ ದೇವಸ್ಥಾನದ ಗರ್ಭಗುಡಿ ಅಗೆದವರ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಈ ಆಟದಲ್ಲಿ ಅಗೆಯುವುದು, ಕೆರೆಯುವುದು, ಗೋಡೆಗೆ ಅಂಟಿಸುವುದು ಯಾವುದೂ ಇಲ್ಲ. ಅದು ಮೊದಲ ನಿಯಮವಾಗಿರಲಿ.

ಹೊರದೇಶಗಳಲ್ಲೂ ಈ ಹವ್ಯಾಸಕ್ಕೆ ಒಳ್ಳೆಯ ಇತಿಹಾಸವಿದೆ. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ನಿರ್ಜನ ಮೂಲೆಯೊಂದರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಒಂದು ಬಾಟಲಿ ಇಟ್ಟು, ಅಷ್ಟು ದೂರ ನಡೆದು ಬಂದವರು ತಮ್ಮ ಚೀಟಿ ಹಾಕಿಹೋಗುವಂತೆ ಮಾಡಿದ. ಲೆಟರ್‌ಬಾಕ್ಸಿಂಗ್ ಎಂಬ ಹವ್ಯಾಸ ಅಲ್ಲಿಂದ ಬೆಳೆಯಿತು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಗಳ ನಿಖರತೆಯನ್ನು ಸಾರ್ವಜನಿಕರಿಗೂ ಪೂರ್ತಿ ಬಿಟ್ಟುಕೊಟ್ಟಿತು. ಮರುದಿನವೇ ಡೇವ್ ಉಲ್ಮರ್ ಎಂಬಾತ ಓರೆಗನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಇಂದು ಜಗತ್ತಿನಾದ್ಯಂತ ಆಡುವ ಜಿಯೋಕ್ಯಾಶಿಂಗ್ ಹುಟ್ಟಿದ್ದು ಹಾಗೆ. ಮೆಸಾಚುಸೆಟ್ಸ್‌ನ ಎಂಐಟಿಯಲ್ಲಿ 1981ರಿಂದ ನಡೆದು ಬಂದಿರುವ ‘ಮಿಸ್ಟರಿ ಹಂಟ್’ನಲ್ಲಂತೂ ಒಂದು ಸೊಗಸಾದ ರೂಢಿಯಿದೆ. ಕ್ಯಾಂಪಸ್ಸಿನಲ್ಲಿ ಅಡಗಿಸಿಟ್ಟ ನಾಣ್ಯವನ್ನು ಹುಡುಕಿ ಗೆದ್ದ ತಂಡವೇ ಮುಂದಿನ ವರ್ಷದ ಒಗಟುಗಳನ್ನು ಬರೆಯಬೇಕು.

ಆದರೆ ಮನೆಯಲ್ಲಿ ಆಟ ಕಟ್ಟುವವರು ಹೆಚ್ಚು ಕಲಿಯಬೇಕಾದದ್ದು ಸೋತ ಪ್ರಯತ್ನಗಳಿಂದ. 1979ರಲ್ಲಿ ಕಿಟ್ ವಿಲಿಯಮ್ಸ್ ಎಂಬ ಬ್ರಿಟಿಷ್ ಕಲಾವಿದ ‘ಮಾಸ್ಕರೇಡ್’ ಎಂಬ ಚಿತ್ರಪುಸ್ತಕ ತಂದ. ತಾನೇ ಮಾಡಿದ ಚಿನ್ನದ ಮೊಲವೊಂದನ್ನು ಇಂಗ್ಲೆಂಡಿನ ಉದ್ಯಾನವೊಂದರಲ್ಲಿ ಹೂತು, ಅದರ ಜಾಡನ್ನು ಪುಸ್ತಕದ ಚಿತ್ರಗಳಲ್ಲಿ ಅಡಗಿಸಿದ್ದ. ಸಾವಿರಾರು ಜನ ಹುಡುಕಿದರು. 1982ರಲ್ಲಿ ಮೊಲ ಸಿಕ್ಕಿದ್ದು ಮಾತ್ರ ಒಗಟನ್ನು ಬಿಡಿಸದೆ, ಒಳಸುದ್ದಿಯ ಬಲದಿಂದ ಜಾಗ ಊಹಿಸಿದವನಿಗೆ. ನ್ಯಾಯವಾಗಿ ಬಿಡಿಸಿದ ಇಬ್ಬರು ಭೌತಶಾಸ್ತ್ರದ ಮೇಷ್ಟ್ರುಗಳು ಅದೇ ಜಾಗ ಅಗೆದಿದ್ದರೂ ಮೊಲ ಅವರ ಕಣ್ಣಿಗೆ ಬಿದ್ದಿರಲಿಲ್ಲ. 1982ರಲ್ಲೇ ಬೈರನ್ ಪ್ರೈಸ್ ಎಂಬ ಅಮೆರಿಕದ ಪ್ರಕಾಶಕ ಉತ್ತರ ಅಮೆರಿಕದ ಬೇರೆ ಬೇರೆ ಊರುಗಳಲ್ಲಿ 12 ಪೆಟ್ಟಿಗೆಗಳನ್ನು ಹೂತ. 1983, 2004 ಮತ್ತು 2019ರಲ್ಲಿ ಒಂದೊಂದು ಸಿಕ್ಕಿ, ಸಾರ್ವಜನಿಕರಿಗೆ ಗೊತ್ತಾದ ಹಾಗೆ ಒಟ್ಟು ಮೂರೇ ಪತ್ತೆಯಾದವು. 2005ರಲ್ಲಿ ಪ್ರೈಸ್ ಅಪಘಾತದಲ್ಲಿ ತೀರಿಕೊಂಡ. ಉಳಿದವುಗಳ ಗುಟ್ಟು ಅವನೊಂದಿಗೇ ಹೋಯಿತು. ಒಗಟು ವಿಪರೀತ ಜಾಣತನದ್ದಾಯಿತು, ಊರುಗಳೂ ಬದಲಾದವು. ಮನೆಯವರಿಗಾಗಿ ಕಟ್ಟುವ ಆಟ ಕೆಡುವುದೂ ಇವೇ ಎರಡು ಕಾರಣಗಳಿಗೆ.

ಮೊದಲನೆಯದನ್ನು ಬಿಡಿಸಿ ನೋಡಬೇಕು. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಒಬ್ಬರು ಮನಸ್ಸಿನಲ್ಲೇ ಒಂದು ಜನಪ್ರಿಯ ಹಾಡು ಹಾಡಿಕೊಳ್ಳುತ್ತಾ ಅದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಹಾಡು ಯಾವುದೆಂದು ಹೇಳಬೇಕು. ತಟ್ಟಿದವರ ಅಂದಾಜಿನ ಪ್ರಕಾರ ಅರ್ಧಕ್ಕರ್ಧ ಹಾಡುಗಳು ಪತ್ತೆಯಾಗಬೇಕಿತ್ತು. ಪತ್ತೆಯಾದದ್ದು 120ರಲ್ಲಿ ಮೂರು. ತಟ್ಟುವವರ ತಲೆಯೊಳಗೆ ಇಡೀ ಹಾಡು ಮೊಳಗುತ್ತಿರುತ್ತದೆ, ಕೇಳುವವರಿಗೆ ಕೇಳಿಸುವುದು ಬರೀ ಟಕಟಕ. ಒಗಟು ಬರೆಯುವವರ ಪಾಡೂ ಹೀಗೆಯೇ. ಉತ್ತರ ತನಗೆ ಗೊತ್ತಿರುವುದರಿಂದ ಸುಳಿವು ಸಲೀಸಾಗಿದೆ ಎನಿಸುತ್ತದೆ. ಬರೆದದ್ದನ್ನು ಮನೆಯ ಇನ್ನೊಬ್ಬರಿಂದ ಬಿಡಿಸಿ ನೋಡದೆ ಆಟ ಶುರು ಮಾಡಲೇಬಾರದು. ಭಾವನಿಗೋ ಅಕ್ಕನ ಮಗಳಿಗೋ ಚೀಟಿ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಐದು ನಿಮಿಷದಲ್ಲಿ ದಾರಿ ಸಿಗದಿದ್ದರೆ ತಿದ್ದಬೇಕಾದದ್ದು ಚೀಟಿಯನ್ನೇ.

ಒಳ್ಳೆಯ ಸುಳಿವು ಯಾವುದು? ‘1886ರಲ್ಲಿ ವೈಸರಾಯ್ ಡಫರಿನ್ ಬಂದದ್ದರ ನೆನಪಿಗೆ ಕಟ್ಟಿದ ಗಡಿಯಾರ ಗೋಪುರ’ ಎಂದು ಬರೆದರೆ ಚಿಕ್ಕ ಗಡಿಯಾರದ ಬಗ್ಗೆ ಸರಿಯಾದ ಮಾಹಿತಿಯೇ. ಆದರೆ ಮೊಬೈಲ್ ಇರುವ ಯಾರು ಬೇಕಾದರೂ ಅರೆ ನಿಮಿಷದಲ್ಲಿ ಉತ್ತರ ಹುಡುಕುತ್ತಾರೆ. ಅದು ಸಾಮಾನ್ಯ ಜ್ಞಾನದ ಪ್ರಶ್ನೆಯಾಯಿತೇ ಹೊರತು ಅಕ್ಕನಿಗೆ ಬರೆದ ಚೀಟಿಯಾಗಲಿಲ್ಲ. ‘ಅಮ್ಮ ನಮ್ಮಿಬ್ಬರನ್ನೂ ಇಲ್ಲೇ ನಿಂತಿರಿ ಎಂದು ಬಿಟ್ಟುಹೋದಳು, ನೀನು ನನ್ನ ಕೈ ಬಿಡಲಿಲ್ಲ’ ಎಂದಷ್ಟೇ ಬರೆದರೆ ಅಕ್ಕನನ್ನು ಬಿಟ್ಟು ಬೇರಾರಿಗೂ ತಿಳಿಯದು. ಆದರೆ ನಲವತ್ತು ವರ್ಷದ ಹಿಂದಿನ ಆ ಸಂಜೆಯನ್ನು ಅಕ್ಕ ಮರೆತಿದ್ದರೆ? ಆಟ ಅಲ್ಲೇ ನಿಂತುಬಿಡುತ್ತದೆ, ಮರೆತೆನಲ್ಲಾ ಎಂಬ ಕಸಿವಿಸಿ ಬೇರೆ. ಆದ್ದರಿಂದ ಒಂದೊಂದು ಚೀಟಿಗೂ ಎರಡು ಬಾಗಿಲು ಬೇಕು. ಒಂದು ನೆನಪಿನಿಂದ ತೆರೆಯುವಂಥದ್ದು, ಇನ್ನೊಂದು ಯೋಚಿಸಿದರೆ ತೆರೆಯುವಂಥದ್ದು. ಕುದುರೆಯ ಚೌಕದಲ್ಲಿ ಇರುವುದು ಅದೇ. ಅಕ್ಕನಿಗೆ ಆಟದ ನೆನಪು ಕೂಡಲೇ ಬರಬಹುದು. ಬಾರದಿದ್ದರೂ ‘ಕುದುರೆ’ ಎಂಬ ಪದ ದಾರಿ ತೋರಿಸುತ್ತದೆ.

ಇದಕ್ಕೆ ಬೇಕಾದ ಸರಕು ಪುಸ್ತಕದಲ್ಲಿ ಸಿಗುವುದಿಲ್ಲ. ತಿಂಗಳ ಮೊದಲೇ ಅಮ್ಮನ ಹತ್ತಿರ, ಚಿಕ್ಕಮ್ಮನ ಹತ್ತಿರ, ಅಕ್ಕನ ಹಳೆಯ ಗೆಳತಿಯ ಹತ್ತಿರ ಕೂತು ಕೇಳಬೇಕು. ಅವಳು ಯಾವ ಅಂಗಡಿಯ ಮುಂದೆ ಹಟ ಹಿಡಿಯುತ್ತಿದ್ದಳು, ಯಾವ ಬಸ್ಸಿಗೆ ಕಾಯುತ್ತಿದ್ದಳು, ಸಂಗೀತ ಪಾಠಕ್ಕೆ ಹೋಗಿ ಬರುವ ದಾರಿ ಯಾವುದು. ಇಪ್ಪತ್ತು ನೆನಪು ಬರೆದುಕೊಂಡರೆ ಅದರಲ್ಲಿ ಐದು ಆಟಕ್ಕೆ ಒದಗುತ್ತವೆ. ಉಳಿದ ಹದಿನೈದೂ ವ್ಯರ್ಥವಲ್ಲ. ತಮ್ಮನಿಗೇ ಗೊತ್ತಿರದ ಅಕ್ಕ ಅವುಗಳಲ್ಲಿ ಸಿಗುತ್ತಾಳೆ. ಒಂದು ಎಚ್ಚರ ಮಾತ್ರ ಬೇಕು. ಎಲ್ಲ ನೆನಪೂ ಸಿಹಿಯಲ್ಲ. ಅಪ್ಪ ಕೊನೆಯ ದಿನಗಳನ್ನು ಕಳೆದ ಆಸ್ಪತ್ರೆಯ ಬೀದಿಗೆ ಹುಟ್ಟುಹಬ್ಬದ ದಿನ ಯಾರನ್ನೂ ಕರೆದೊಯ್ಯಬಾರದು.

ಚಿಕ್ಕ ಗಡಿಯಾರದ ಕೆಳಗೆ ಅಕ್ಕನ ಕೈಗೆ ಎರಡನೆಯ ಚೀಟಿ ಬರುತ್ತದೆ. ತಂದುಕೊಡುವುದು ಗೆಳತಿಯ ಮಗ. ಅದರಲ್ಲಿ ಎರಡೇ ಸಾಲು: ‘ಮೊಳ ಹಾಕಿ ಕೊಡುತ್ತಾರೆ, ಬಟ್ಟೆಯಲ್ಲ. ಬೆಳಿಗ್ಗೆ ದಿಂಬಿನ ಮೇಲೆ ಉಳಿದಿರುತ್ತದೆ, ಕನಸಲ್ಲ.’

ಮಲ್ಲಿಗೆ! ದೇವರಾಜ ಮಾರುಕಟ್ಟೆ ಎದುರಿಗೇ ಇದೆ. ಒಳಗೆ ಹೂವಿನ ಸಾಲಿಗೆ ಹೋಗುವ ಹೊತ್ತಿಗೆ ಅಕ್ಕನ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಬಾಳೆಹಣ್ಣಿನ ಗೊನೆ, ವೀಳ್ಯದೆಲೆಯ ಕಟ್ಟು, ಕುಂಕುಮದ ರಾಶಿ, ಒದ್ದೆ ಗೋಣಿಯ ವಾಸನೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ಮೂರನ್ನೂ ಅಮ್ಮ ಇಲ್ಲೇ ಕೊಳ್ಳುತ್ತಿದ್ದದ್ದು. ಹೂವಿನವರಿಗೆ ತಮ್ಮ ಮೊದಲೇ ಹೇಳಿಟ್ಟಿದ್ದಾನೆ. ಅವರು ಮೊಣಕೈಯಿಂದ ಬೆರಳ ತುದಿಯವರೆಗೆ ದಂಡೆಯನ್ನು ಎಳೆದು, ಎರಡು ಮೊಳ ಅಳೆದು, ಎಲೆಯಲ್ಲಿ ಸುತ್ತಿ, ಮಡಿಕೆಯೊಳಗೆ ಮೂರನೆಯ ಚೀಟಿಯನ್ನಿಟ್ಟು ಕೊಡುತ್ತಾರೆ. ಹೀಗೆ ಕೈಯಿಂದ ಕೈಗೆ ಬರುವ ಚೀಟಿಗೆ ಪೊದೆಯಲ್ಲಿ ಬಚ್ಚಿಟ್ಟ ಚೀಟಿಗಿಲ್ಲದ ಬೆಚ್ಚಗಿನ ಗುಣವಿದೆ. ಊರಿನವರೇ ಪಿತೂರಿಯಲ್ಲಿ ಸೇರಿಕೊಂಡಿದ್ದಾರೆ ಎಂದು ಗೊತ್ತಾದಾಗ ಮುಖದಲ್ಲಿ ಮೂಡುವ ಬೆರಗೇ ಬೇರೆ.

ಸುರಕ್ಷತೆಯ ದೃಷ್ಟಿಯಿಂದಲೂ ಇದೇ ಸರಿ. 2007ರ ಜನವರಿಯಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಟಿವಿ ಕಾರ್ಟೂನೊಂದರ ಪ್ರಚಾರಕ್ಕಾಗಿ ಅಲ್ಲಲ್ಲಿ ಸಿಕ್ಕಿಸಿದ್ದ ದೀಪದ ಫಲಕಗಳನ್ನು ಬಾಂಬ್ ಎಂದು ಶಂಕಿಸಿ, ರಸ್ತೆ, ಸೇತುವೆಗಳನ್ನೇ ಮುಚ್ಚಬೇಕಾಯಿತು. ವಾರಸುದಾರರಿಲ್ಲದ ಪೆಟ್ಟಿಗೆ, ಚೀಲ, ಡಬ್ಬಿಗಳನ್ನು ಅರಮನೆ, ಮಾರುಕಟ್ಟೆ, ರೈಲು ನಿಲ್ದಾಣಗಳ ಬಳಿ ಇಡುವ ಯೋಚನೆಯನ್ನೇ ಮಾಡಬಾರದು. ಪರಿಚಯದ ಅಂಗಡಿಯವರು, ಹೋಟೆಲಿನವರು, ನೆಂಟರು, ಗೆಳೆಯರು ಇರುವಾಗ ಅದರ ಅಗತ್ಯವೂ ಇಲ್ಲ.

ಏನನ್ನೂ ಇಡಲಾಗದ, ಯಾರಿಗೂ ಹೇಳಿಡಲಾಗದ ಜಾಗಗಳಲ್ಲಿ ಇನ್ನೊಂದು ಉಪಾಯವಿದೆ: ನೋಡಿ ಉತ್ತರಿಸುವ ಪ್ರಶ್ನೆ. ಮೂರನೆಯ ಚೀಟಿ ಅಕ್ಕನನ್ನು ಜಗನ್ಮೋಹನ ಅರಮನೆಗೆ ಕಳಿಸುತ್ತದೆ. 1861ರಲ್ಲಿ ಮುಮ್ಮಡಿಯವರ ಕಾಲದಲ್ಲೇ ಕಟ್ಟಿದ ಅರಮನೆ ಅದು, ಈಗ ಚಿತ್ರಶಾಲೆ. ‘ಅಪ್ಪ ಬಾಜಿ ಕಟ್ಟಿ ಸೋತ ದೀಪದ ಮುಂದೆ ನಿಲ್ಲು. ಬರೆದವರ ಹೆಸರನ್ನು ನನಗೆ ಮೆಸೇಜ್ ಮಾಡು.’ ದೀಪ ಹಿಡಿದು, ಜ್ವಾಲೆಗೆ ಅಂಗೈ ಅಡ್ಡ ಮಾಡಿ ನಿಂತ ಹೆಣ್ಣಿನ ಆ ಚಿತ್ರವನ್ನು ಮೈಸೂರಿಗೆ ಪ್ರವಾಸ ಬಂದವರೆಲ್ಲ ನೋಡಿರುತ್ತಾರೆ. ಬೆರಳುಗಳ ಸಂದಿನಿಂದ ಸೋರುವ ಕೆಂಪು ಬೆಳಕನ್ನು ಜಲವರ್ಣದಲ್ಲಿ ಹಿಡಿದದ್ದು ಹೇಗೆಂದು ಎಷ್ಟು ಸಲ ನೋಡಿದರೂ ಅಚ್ಚರಿ. ಅಪ್ಪನ ಹಾಗೆ ಅದು ರವಿವರ್ಮನದೆಂದು ನಂಬಿದವರು ಲೆಕ್ಕವಿಲ್ಲದಷ್ಟು ಮಂದಿ. ಬರೆದವರು ಸಾವಂತವಾಡಿ ಮೂಲದ ಎಸ್.ಎಲ್. ಹಲ್ದಣಕರ್, ರೂಪದರ್ಶಿಯಾಗಿ ನಿಂತದ್ದು ಅವರ ಮಗಳು ಗೀತಾ. ಹೆಸರನ್ನು ಸರಿಯಾಗಿ ಕಳಿಸಿದ ಕೂಡಲೇ ಮುಂದಿನ ಸುಳಿವು ಮೊಬೈಲಿಗೆ ಬರುತ್ತದೆ. ವಿದೇಶದಲ್ಲಿರುವ ಮಕ್ಕಳು ಊರಿನ ಅಪ್ಪ ಅಮ್ಮನಿಗೆ ಆಟ ಕಟ್ಟುವುದಾದರೆ ಈ ವಿಧಾನವೇ ಹೆಚ್ಚು ಅನುಕೂಲ. ಸಾವಿರಾರು ಮೈಲಿ ದೂರದಿಂದಲೂ ಉತ್ತರ ನೋಡಿ ಮುಂದಿನ ಚೀಟಿ ಕಳಿಸಬಹುದು.

ಚಿತ್ರಶಾಲೆ ಎಷ್ಟು ಗಂಟೆಗೆ ಮುಚ್ಚುತ್ತದೆ, ಆ ದಿನ ರಜೆಯೇ, ಆ ಕೋಣೆ ತೆರೆದಿದೆಯೇ? ಊರು ಬದಲಾಗುವುದು ಎಂದು ಮೇಲೆ ಹೇಳಿದ ಎರಡನೆಯ ಅಪಾಯ ಇಲ್ಲಿ ಎದುರಾಗುತ್ತದೆ. ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಕುಸಿಯಿತು, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆಯ ಭಾಗ 2016ರಲ್ಲಿ. ಮನಸ್ಸಿನಲ್ಲಿರುವ ಊರಿಗೂ ಇವತ್ತಿನ ಊರಿಗೂ ನಡುವೆ ಎಷ್ಟೋ ಅಂತರ. ಹಾಗಾಗಿ ಆಟಕ್ಕೆ ಒಂದು ವಾರ ಮೊದಲು, ವಾರದ ಅದೇ ದಿನ, ಅದೇ ಹೊತ್ತಿಗೆ, ಅದೇ ದಾರಿಯನ್ನು ತಮ್ಮ ಕಾಲ್ನಡಿಗೆಯಲ್ಲೇ ಮುಗಿಸಬೇಕು. ಬಿಸಿಲು ಎಲ್ಲಿ ಬೀಳುತ್ತದೆ, ಕೂರಲು ಕಟ್ಟೆ ಎಲ್ಲಿದೆ, ಶೌಚಾಲಯ ಎಲ್ಲಿ, ರಸ್ತೆ ದಾಟುವುದು ಎಷ್ಟು ಕಷ್ಟ ಎಂದು ಬರೆದುಕೊಳ್ಳಬೇಕು. ಮಂಡಿನೋವಿರುವವರಿಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲಿನ ಸುಳಿವು ಕೊಡುವುದು ಪ್ರೀತಿಯಲ್ಲ. ನಡುವೆ ಒಂದು ಕಡೆ ದೋಸೆ ಕಾಫಿಗೆ ಕೂರಿಸಿದರೆ ಆಟ ಹಾಳಾಗುವುದಿಲ್ಲ. ಆಟದ ಅರ್ಧ ಮಾತು ನಡೆಯುವುದೇ ಅಲ್ಲಿ.

ನಾಲ್ಕನೆಯ ತಾಣ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಎದ್ದ, 75 ಅಡಿ ಎತ್ತರದ ಗೋಪುರ. ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು. ಇಂಗ್ಲಿಷ್ ಅಂಕಿಗಳಿಗೆ ಒಗ್ಗಿದ ಕಣ್ಣು ಇಲ್ಲಿ ಗಂಟೆ ಓದಲು ಒಂದು ಕ್ಷಣ ತಡವರಿಸುತ್ತದೆ. ಕನ್ನಡ ಅಂಕಿ ಕಲಿಯುವ ಮಕ್ಕಳು ೬ ಮತ್ತು ೭ರ ಸುರುಳಿಯನ್ನು ಅದಲುಬದಲು ಮಾಡುವುದು ಪ್ರತಿ ಮನೆಯ ಕತೆ. ತಮ್ಮನ ಚೀಟಿ ಹೇಳುತ್ತದೆ: ‘ನೀನು ಆರು ಎಂದು ಓದಿ ಮೇಷ್ಟ್ರ ಹತ್ತಿರ ಪೆಟ್ಟು ತಿಂದ ಅಂಕಿಯನ್ನು ಈ ಮುಖದ ಮೇಲೆ ಹುಡುಕು. ಸಣ್ಣ ಮುಳ್ಳು ಅಲ್ಲಿಗೆ ಬರುವ ಹೊತ್ತಿಗೆ, ಭಾನುವಾರ ಮಾತ್ರ ಅಪ್ಪ ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿಸುತ್ತಿದ್ದದ್ದರ ಮುಂದೆ ಇರು.’ ಏಳು ಗಂಟೆ. ಅರಮನೆಯ ದೀಪ.

ಆಟದ ವೇಳಾಪಟ್ಟಿಯನ್ನೆಲ್ಲ ಈ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಭಾನುವಾರ ಮತ್ತು ರಜಾದಿನಗಳ ಸಂಜೆ ಏಳರ ಸುಮಾರಿಗೆ ಅರಮನೆಯ ಒಂದು ಲಕ್ಷದ ಹತ್ತಿರದ ಬಲ್ಬುಗಳು ಒಟ್ಟಿಗೆ ಹೊತ್ತುತ್ತವೆ. ಅದಕ್ಕೆ ಮೂರು ಮೂರೂವರೆ ಗಂಟೆ ಮೊದಲು ಮೊದಲ ಲಕೋಟೆ ತೆರೆದರೆ ಆತುರವಿಲ್ಲದೆ ತಲುಪಬಹುದು. ಅಕ್ಕ ಎಲ್ಲಾದರೂ ಸಿಕ್ಕಿಕೊಂಡರೆ? ಅದಕ್ಕೆ ಪ್ರತಿ ತಾಣಕ್ಕೂ ಮೂರು ಹಂತದ ಸಹಾಯ ಸಿದ್ಧವಿರಲಿ. ಮೊದಲು ಸಣ್ಣ ಇಶಾರೆ, ಆಮೇಲೆ ಅರ್ಧ ಉತ್ತರ, ಕೊನೆಗೆ ಪೂರ್ತಿ ಉತ್ತರವೇ. ಹತ್ತು ನಿಮಿಷಕ್ಕಿಂತ ಹೆಚ್ಚು ಯಾರನ್ನೂ ಬೀದಿಯಲ್ಲಿ ಒದ್ದಾಡಲು ಬಿಡಬಾರದು. ಜೊತೆಗೆ ಹೋಗುವವರೊಬ್ಬರಿಗೆ ಎಲ್ಲ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಅಚ್ಚರಿಗಳನ್ನು ಸಹಿಸದ ಸ್ವಭಾವದವರಿಗೆ ‘ಭಾನುವಾರ ಮಧ್ಯಾಹ್ನ ಖಾಲಿ ಇಟ್ಟುಕೋ, ನಡೆಯಲು ಒಳ್ಳೆ ಚಪ್ಪಲಿ ಹಾಕಿಕೋ’ ಎಂದು ಮೊದಲೇ ಹೇಳಿದರೂ ನಷ್ಟವೇನಿಲ್ಲ.

ಅರಮನೆಯ ಮುಂದೆ ತಮ್ಮ ಒಂದು ಮರದ ಪೆಟ್ಟಿಗೆ ಹಿಡಿದು ನಿಂತಿರುತ್ತಾನೆ. ಅದಕ್ಕೆ ನಾಲ್ಕು ಅಂಕಿಯ ನಂಬರ್ ಬೀಗ. ‘ಸಂಗೀತ ಪಾಠದಲ್ಲಿ ನೀನು ಕಲಿತ ಮೊದಲ ರಾಗ, ಆಮೇಲೆ ನಿನಗೆ ತುಂಬಾ ಇಷ್ಟವಾದ ಕಲ್ಯಾಣಿ.’ ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನಲ್ಲೇ ಅವುಗಳ ಸಂಖ್ಯೆ ಅಡಗಿದೆ. ಕಟಪಯಾದಿ ಎಂಬ ಪದ್ಧತಿಯಲ್ಲಿ ಪ್ರತಿ ವ್ಯಂಜನಕ್ಕೂ ಒಂದು ಅಂಕಿ. ಹೆಸರಿನ ಮೊದಲ ಎರಡು ಅಕ್ಷರಗಳ ಅಂಕಿ ತೆಗೆದು ತಿರುವಿ ಓದಬೇಕು. ಸರಳೆ, ಜಂಟೆ ಎಂಬ ಮೊದಲ ಪಾಠಗಳನ್ನು ಕಲಿಸುವ ಮಾಯಾಮಾಳವಗೌಳದಲ್ಲಿ ‘ಮ’ ಎಂದರೆ 5, ‘ಯ’ ಎಂದರೆ 1, ತಿರುವಿದರೆ 15. ಕಲ್ಯಾಣಿಯ ಪೂರ್ಣ ಹೆಸರಾದ ಮೇಚಕಲ್ಯಾಣಿಯಲ್ಲಿ ‘ಮ’ 5, ‘ಚ’ 6, ತಿರುವಿದರೆ 65. ಸಂಗೀತ ಬಿಟ್ಟು ಮೂವತ್ತು ವರ್ಷವಾಗಿದ್ದರೂ ಬೆರಳು ಮಡಿಸುತ್ತಾ ಅಕ್ಕ ಎಣಿಸುತ್ತಾಳೆ: 1565.

ಒಳಗೆ ಏನಿರಬೇಕು ಎಂಬುದಕ್ಕೆ ಕಟ್ಟುಪಾಡಿಲ್ಲ. ದುಬಾರಿ ವಸ್ತುವಾದರೆ ಐದು ಚೀಟಿಗಳ ಸಂಜೆಯೆಲ್ಲ ಅದರ ಹೊದಿಕೆಯಾಗಿಬಿಡುತ್ತದೆ. ಅಮ್ಮನ ಕೈಬರಹದ ಸಾರಿನಪುಡಿಯ ಅಳತೆ, ಹೆಗಲ ಮೇಲೆ ಇಬ್ಬರು ಮಕ್ಕಳನ್ನು ಹೊತ್ತ ಅಪ್ಪನ ಹಳೆಯ ಫೋಟೊ, ಸಂಗೀತದ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ತಮ್ಮನ ಪೆಟ್ಟಿಗೆಯಲ್ಲಿ ಇವುಗಳ ಕೆಳಗೆ ಇನ್ನೊಂದು ಕಾಗದವೂ ಇದೆ. ಎಂಐಟಿಯ ಗೆದ್ದವರ ರೂಢಿಯನ್ನು ನೆನಪಿಸುವಂಥದ್ದು. ಅದರ ಮೇಲೆ ಒಂಬತ್ತು ಮನೆಗಳ ಖಾಲಿ ಚೌಕ, ಕೆಳಗೆ ತಮ್ಮನ ಹುಟ್ಟಿದ ದಿನ. ಅಕ್ಕ ಅದನ್ನು ಮಡಿಸಿ ಪರ್ಸಿಗೆ ಹಾಕಿಕೊಳ್ಳುವಾಗ ಎದುರಿನ ಅರಮನೆ ಒಮ್ಮೆಲೇ ಬೆಳಗುತ್ತದೆ.